ಮುನ್ನೂರ ಎಂಬತ್ತೆಂಟನೇ ಚಿತ್ರ

"ಅಕ್ಕಾ...!"

ಬಾಗಿಲು ತಳ್ಳಿದವಳು ಹೊಸ್ತಿಲ ಮೇಲೇ ನಿಂತುಬಿಟ್ಟಳು.

ಆ ನೆಲಮಾಳಿಗೆಯ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಬೆಳಗಿನ ಹತ್ತು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ, ಒಳಗೆ ಎರಡು ಕಂಪ್ಯೂಟರ್ ಪರದೆಗಳ ಮಂಕು ಬೆಳಕು ಮಾತ್ರ. ಆ ಬೆಳಕಿನಲ್ಲಿ ಒಬ್ಬ ಯುವಕ ಗೋಡೆಗೆ ಬೆನ್ನು ಅಂಟಿಸಿಕೊಂಡು ಅವಳನ್ನೇ ನೋಡುತ್ತಿದ್ದ. ಕೈಯಲ್ಲಿದ್ದ ಲೋಟ ಓರೆಯಾಗಿ ಬಿಸಿ ಚಹಾ ಅಂಗಿಯ ಮೇಲೆ ಇಳಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ನಾನು... ಹೊಸದಾಗಿ ಸೇರಿದವಳು," ಎಂದಳು ಅವಳು.

ಆ ದನಿ ಕೇಳಿದ್ದೇ ತಡ, ಅವನ ಮುಖದಲ್ಲಿ ಉಳಿದಿದ್ದ ಚೂರುಪಾರು ರಕ್ತವೂ ಇಳಿದುಹೋಯಿತು.

ಅವಳಿಗೆ ಅರ್ಥವಾಯಿತು. ಅದೇ ಗಲ್ಲ, ಅದೇ ದನಿ. ಮನೆಯಲ್ಲೂ ಹೀಗೇ ಆಗುತ್ತಿತ್ತಲ್ಲ! ಅವಳು ಹೊರಗಿನಿಂದ ಬಂದು "ಅಮ್ಮಾ" ಎಂದು ಕೂಗಿದರೆ ಅಡುಗೆಮನೆಯಿಂದ "ಬಂದ್ಯಾ ದೊಡ್ಡವಳೇ?" ಎಂದು ಅಮ್ಮನ ದನಿ ಬರುತ್ತಿತ್ತು. ಆಮೇಲೆ ತುಂಬಾ ಹೊತ್ತು ಏನೂ ಕೇಳಿಸುತ್ತಿರಲಿಲ್ಲ.

"ನಾನು ಅವಳ ತಂಗಿ," ಎಂದಳು ಮೆಲ್ಲಗೆ. "ಹೆದರ್ಬೇಡಿ. ಕಾಲು ನೆಲದ ಮೇಲೇ ಇದೆ, ನೋಡಿ."

ಅವನು ನಿಜವಾಗಲೂ ಅವಳ ಪಾದ ನೋಡಿದ! ನೋಡಿದ್ದಕ್ಕೆ ನಾಚಿಕೊಂಡು ಲೋಟ ಕೆಳಗಿಟ್ಟ.

"ಕ್ಷಮಿಸಿ. ರಜೆಯಲ್ಲಿದ್ದೆ, ನೀವು ಬರೋ ವಿಷಯ ಯಾರೂ ಹೇಳಿರಲಿಲ್ಲ. ನಿಮ್ಮಕ್ಕನ್ನ ನಾನೂ ಅಕ್ಕ ಅಂತಲೇ ಕರೀತಿದ್ದೆ. ಅವರು ನನ್ನ ತಮ್ಮಾ ಅಂತಿದ್ರು."

ಹಾಗಾದರೆ ಇವನೇ 'ಮೇಷ್ಟ್ರು'. ಏನು ಕೇಳಿದರೂ ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ಓಡುತ್ತಾನೆ, ಅದಕ್ಕೇ ಆ ಹೆಸರು ಎಂದು ಅಕ್ಕ ಫೋನಿನಲ್ಲಿ ನಗುತ್ತಿದ್ದಳು. ಅಕ್ಕನಿಗಿಂತ ಮೂರು ವರ್ಷ ಚಿಕ್ಕವನು.

ಅವಳ ಕಣ್ಣು ಖಾಲಿ ಕುರ್ಚಿಯ ಮೇಲೆ ನಿಂತಿತು. ಒಂದೂವರೆ ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ, ಮೇಜಿನ ಮೇಲೆ ತಲೆಯಿಟ್ಟುಕೊಂಡು ಅಕ್ಕ ತೀರಿಹೋಗಿದ್ದಳು. ಮಧ್ಯಾಹ್ನ. ಗೊತ್ತಾಗಿದ್ದು ಸಂಜೆ ಐದಕ್ಕೆ.

"ಅವತ್ತು... ನೀವು ಇಲ್ಲೇ ಇದ್ರಾ?"

ಅವನು ಒದ್ದೆ ಅಂಗಿಯನ್ನು ಒರೆಸುತ್ತ ಬಗ್ಗಿದ.

"ಇಲ್ಲ. ಎರಡು ಗಂಟೆಗೇ ಹೊರಗೆ ಹೋಗಿದ್ದೆ."

ಅಮ್ಮನಿಗೂ ಆಗ ಅವನು ಫೋನಿನಲ್ಲಿ ಹೇಳಿದ್ದು ಇದನ್ನೇ. ಅಂದಿನಿಂದ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಮಗಳು ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬಳೇ ಹೋದ್ಲು."

* * *

ಇಲ್ಲಿಗೆ ಬರುತ್ತೇನೆ ಎಂದಾಗ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ, "ಒಬ್ಬಳನ್ನ ನುಂಗಿದ ಕೋಣೆಗೆ ಇನ್ನೊಬ್ಬಳನ್ನ ಕಳಿಸ್ಬೇಕಾ ಚುಕ್ಕಿ?" ಎಂದು ಕೇಳಿದಳು.

ಚುಕ್ಕಿ. ಹುಟ್ಟಿದಾಗ ಅವಳ ಹುಬ್ಬಿನ ಮೇಲಿದ್ದ ಮಚ್ಚೆ ನೋಡಿ ಅಕ್ಕ ಇಟ್ಟ ಹೆಸರು ಅದು. ಓದಿದ್ದೂ ಅಕ್ಕನ ಹಿಂದೆಯೇ, ಅದೇ ಆಕಾಶದ ವಿದ್ಯೆ. ಅಕ್ಕ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಜನ ಬೇಕು ಎಂಬ ಪ್ರಕಟಣೆ ನೋಡಿದಾಗ ಅರ್ಜಿ ಹಾಕದೇ ಇರಲು ಅವಳಿಂದಾಗಲಿಲ್ಲ. ಆ ಕುರ್ಚಿಯಲ್ಲಿ ಕೂರಲು ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಕೆಲಸ ಕೇಳಿದರೆ ಸುಲಭ ಅನ್ನಿಸುತ್ತದೆ. ಆಕಾಶದಲ್ಲಿ ಕೆಲವು ಕಡೆ ನೂರಾರು ಗ್ಯಾಲಕ್ಸಿಗಳು ಗುಂಪು ಕಟ್ಟಿಕೊಂಡಿರುತ್ತವೆ. ಆ ಗುಂಪಿನ ತೂಕಕ್ಕೆ ಪಕ್ಕದಲ್ಲಿ ಹಾದುಹೋಗುವ ಬೆಳಕೇ ಬಾಗುತ್ತದೆ. ಆಗ ಅದರ ಹಿಂದೆ ಬಹುದೂರದಲ್ಲಿ ಅಡಗಿರುವ ಮಸುಕು ಗ್ಯಾಲಕ್ಸಿಯೊಂದು, ಭೂತಗನ್ನಡಿ ಹಿಡಿದಂತೆ, ದೊಡ್ಡದಾಗಿ, ಕಮಾನಿನಂತೆ ಎಳೆದುಕೊಂಡು ಕಾಣುತ್ತದೆ. ಒಮ್ಮೊಮ್ಮೆ ಒಂದೇ ಗ್ಯಾಲಕ್ಸಿ ಎರಡು, ಮೂರು ಕಡೆ! ಸಾವಿರದ ಮುನ್ನೂರು ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಅದು. ಹೊಸ ನಕ್ಷತ್ರಗಳು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತಿದ್ದ ಕಾಲದ್ದು.

ಅಂಥ ಕಮಾನುಗಳನ್ನು ದೂರದರ್ಶಕ ತೆಗೆದ ಚಿತ್ರದಲ್ಲಿ ಕಣ್ಣಿನಿಂದಲೇ ಹುಡುಕಿ ಸುತ್ತ ಗುರುತು ಹಾಕಬೇಕು. ಕೆಲವು ನಿಜ. ಕೆಲವು ಕ್ಯಾಮೆರಾದ ಗಾಜಿನೊಳಗೇ ಬೆಳಕು ಪುಟಿದು ಮೂಡಿದ ಸುಳ್ಳು ಬಿಂಬಗಳು. ಅವುಗಳಿಗೆ ಆ ಕೋಣೆಯಲ್ಲಿ 'ದೆವ್ವ' ಎನ್ನುತ್ತಿದ್ದರು.

ಮೊದಲ ದಿನ, ಅವನು ಅಂಗಿ ಬದಲಾಯಿಸಲು ಹೊರಗೆ ಹೋದ ಮೇಲೆ, ಅವಳು ಮೊದಲ ಚಿತ್ರ ತೆರೆದಳು. ಅರ್ಧ ಗಂಟೆ ನೋಡಿದಳು. ಎರಡು ಗುರುತು ಹಾಕಿ 'ಮುಗಿಯಿತು' ಎಂದು ಒತ್ತಿದಳು.

ಪರದೆ ಒಮ್ಮೆ ಮಿಣುಕಿತು.

ಅವಳ ಎರಡು ಗುರುತುಗಳ ಪಕ್ಕದಲ್ಲಿ ಇನ್ನೆರಡು ಕೆಂಪು ಗುರುತು ತಾವಾಗಿಯೇ ಮೂಡಿದವು. ಪೂರ್ತಿ ಮುಚ್ಚದ ಸೊನ್ನೆಗಳು, ಮೇಲುಗಡೆ ಸಣ್ಣ ಸಂದು...

ಪ್ರಪಂಚದಲ್ಲಿ ಹಾಗೆ ಸೊನ್ನೆ ಬರೆಯುತ್ತಿದ್ದವಳು ಒಬ್ಬಳೇ. 'ನಿನ್ನ ಸೊನ್ನೆಯಿಂದ ಇರುವೆ ಆಚೆ ಹೋಗುತ್ತೆ ಕಣೇ' ಎಂದು ಅಪ್ಪ ಬೈಯುತ್ತಿದ್ದದ್ದು ಒಬ್ಬಳನ್ನೇ.

ಗುರುತಿನ ಕೆಳಗೆ ಅಕ್ಕನ ಹೆಸರು. ಅದರ ಮುಂದೆ ತಾರೀಖು.

ಇವತ್ತಿನ ತಾರೀಖು!

'ಅಕ್ಕಾ... ನೀನು ಇಲ್ಲೇ ಇದ್ದೀಯಾ?'

ಕುರ್ಚಿ ಹಿಂದಕ್ಕೆ ತಳ್ಳಿ ಅವಳು ಮೆಟ್ಟಿಲಿನತ್ತ ಓಡಿದಳು. ಅಲ್ಲಿ ಬೀಗದ ಕೈಗಳ ಗೊಂಚಲು ಹಿಡಿದು ಕೂತಿದ್ದ ಮುದುಕನಿಗೆ ಬಹುತೇಕ ಡಿಕ್ಕಿ ಹೊಡೆದಳು. ಅವನನ್ನು ಎಲ್ಲರೂ ಬೀಗದಜ್ಜ ಎನ್ನುತ್ತಿದ್ದರು.

"ಏನಮ್ಮಾ, ಮುಖ ಬಿಳಿಚಿಕೊಂಡಿದೆ?"

"ಅಜ್ಜಾ... ಆ ಕೋಣೆಯಲ್ಲಿ ಬೇರೆ ಯಾರಾದ್ರೂ...?"

ಅಜ್ಜ ಗೊಂಚಲನ್ನು ಒಂದು ಸುತ್ತು ತಿರುಗಿಸಿದ. "ಮೇಷ್ಟ್ರು ಒಬ್ಬರೇ ಇರ್ತಾರೆ. ಆದ್ರೆ ನಾನು ಬಾಗಿಲ ಮುಂದೆ ಹಾದುಹೋದಾಗೆಲ್ಲ ಯಾರ ಹತ್ರಾನೋ ಮಾತಾಡ್ತಿರ್ತಾರೆ. 'ಇದ್ದೀರಾ? ಇದ್ದೀರಾ?' ಅಂತ. ಉತ್ತರ ಮಾತ್ರ ನನಗೆ ಯಾವತ್ತೂ ಕೇಳಿಸಿಲ್ಲಮ್ಮ."

* * *

ತಂಡದ ಮುಖ್ಯಸ್ಥೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲೇ ಹೇಳ್ಬೇಕಿತ್ತು, ನನ್ನದೇ ತಪ್ಪು. ಪ್ರತಿ ಚಿತ್ರಾನೂ ಇಬ್ಬರು ಬೇರೆ ಬೇರೆಯಾಗಿ ನೋಡ್ಬೇಕು. ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣ್ಬಾರದು. ಎರಡನೆಯವರು ಮುಗಿಸಿದ ಮೇಲೇ ಮೊದಲನೆಯವರದ್ದು ತೆರೆದುಕೊಳ್ಳುತ್ತೆ, ತೆರೆದುಕೊಂಡ ದಿನದ ತಾರೀಖು ಬೀಳುತ್ತೆ. ಮೊದಲ ಕಣ್ಣು ನಿಮ್ಮಕ್ಕ. ಎರಡನೇ ಕಣ್ಣು ನೀನು."

"ಅಂದ್ರೆ... ಇವೆಲ್ಲ ಅವಳು ಬದುಕಿದ್ದಾಗಲೇ ಹಾಕಿದ್ದು?"

"ಹೌದಮ್ಮ. ಎಲ್ಲಾ ಅಲ್ಲೇ ಕೂತಿದೆ. ನೀನು ಒಂದೊಂದು ಚಿತ್ರ ಮುಗಿಸಿದ ಹಾಗೆ ಒಂದೊಂದು ಹೊರಗೆ ಬರುತ್ತೆ."

ವಿಷಯ ತಿಳಿದ ಮೇಲೆ ಭಯ ಹೋಗಬೇಕಿತ್ತು. ಹೋಗಲಿಲ್ಲ. ದಿನವೂ ಅವಳು ಚಿತ್ರ ಮುಗಿಸುತ್ತಿದ್ದಳು. ದಿನವೂ ಸತ್ತ ಅಕ್ಕ ಉತ್ತರ ಕೊಡುತ್ತಿದ್ದಳು. ಒಮ್ಮೊಮ್ಮೆ ಗುರುತಿನ ಜೊತೆಗೆ ಒಂದು ಸಾಲು ಬರಹವೂ ಇರುತ್ತಿತ್ತು.

'ಇದು ದೆವ್ವ. ನಂಬಬೇಡಿ.'

'ಇದು ನಿಜ. ಆಣೆ.'

'ಪಕ್ಕದವನು ಹಾಡು ಗುನುಗ್ತಿದ್ದಾನೆ. ಶ್ರುತಿ ಊರಾಚೆ ಇದೆ.'

ಅದನ್ನು ಓದಿ ಅವಳು ಜೋರಾಗಿ ನಕ್ಕುಬಿಟ್ಟಳು. ಪಕ್ಕದ ಮೇಜಿನವನು ಬೆಚ್ಚಿ ತಿರುಗಿದ.

"ನಿಮಗೆ ಹಾಡೋಕೆ ಬರುತ್ತಂತೆ?"

"ಯಾರು ಹೇಳಿದ್ರು?"

"ಅಕ್ಕ. ಈಗಷ್ಟೇ."

ಅವನ ಮುಖದಲ್ಲಿ ನಗು ಬಂದು, ಅರ್ಧದಲ್ಲೇ ನಿಂತು, ಏನೋ ಬೇರೆಯಾಯಿತು. ತಾನು ಬಂದ ಮೇಲೆ ಅವನು ಎಂದೂ ಗುನುಗಿದ್ದನ್ನು ಅವಳು ಕೇಳಿರಲಿಲ್ಲ.

ಅವನ ವಿಚಿತ್ರ ಅಭ್ಯಾಸ ಮಾತ್ರ ಅವಳಿಗೂ ಪರಿಚಯವಾಯಿತು. ಅವಳು ಹತ್ತು ನಿಮಿಷ ಅಲುಗಾಡದೆ ಪರದೆ ನೋಡುತ್ತಿದ್ದರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು.

"ಇದ್ದೀರಾ?"

"ಇದ್ದೀನಿ."

ಮತ್ತೆ ಹತ್ತು ನಿಮಿಷ. "ಇದ್ದೀರಾ?"

"ಅಯ್ಯೋ, ಎಲ್ಲಿಗೆ ಹೋಗ್ಲಿ ಮೇಷ್ಟ್ರೇ? ಬಾಗಿಲು ನಿಮ್ಮ ಬೆನ್ನ ಹಿಂದೇನೇ ಇದೆ!"

ಅವನು ನಗುತ್ತಿರಲಿಲ್ಲ. ಅವಳ ಉತ್ತರ ಕೇಳಿದ ಮೇಲೆ ಅವನು ಉಸಿರು ಬಿಡುವ ಸದ್ದು ಮಾತ್ರ ಆ ನಿಶ್ಶಬ್ದದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

* * *

ಇನ್ನೂರ ಹನ್ನೆರಡನೇ ಚಿತ್ರ ಮುಗಿಸಿದಾಗ ಅಕ್ಕನ ಬರಹ ಬಂತು: 'ಎರಡು ಸಿಕ್ಕಿವೆ. ಎರಡೂ ಒಂದೇ ಗ್ಯಾಲಕ್ಸಿ ಅನ್ನಿಸುತ್ತೆ. ಮೂರನೆಯದು ಎಲ್ಲೋ ಅಡಗಿದೆ. ಹುಡುಕೋರು ಹುಡುಕಲಿ.'

ಅವಳಿಗೂ ಕಂಡಿದ್ದು ಎರಡೇ. ಮೂರನೆಯದು ಸಿಕ್ಕರೆ ಮಾತ್ರ ಇದು ದೆವ್ವವಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು.

ಅವನು ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ಹೋದ. ಗುಂಪಿನ ತೂಕ ಎಲ್ಲೆಲ್ಲಿ ಎಷ್ಟಿದೆ, ಬೆಳಕು ಎತ್ತ ಬಾಗಬೇಕು... ನಾಲ್ಕು ದಿನ ಲೆಕ್ಕ ಮಾಡಿದ. ಹಲಗೆ ತುಂಬಿ ಗೋಡೆಗೆ ಬಂತು. ಬೀಗದಜ್ಜ ಬಂದು ಗೋಡೆ ನೋಡಿ ತಲೆ ಚಚ್ಚಿಕೊಂಡು ಹೋದ.

ಐದನೇ ದಿನ ಅವನು ಪರದೆಯ ಮೇಲೆ ಒಂದು ಕಪ್ಪು ಜಾಗ ತೋರಿಸಿದ. "ಲೆಕ್ಕ ಸರಿಯಿದ್ರೆ ಇಲ್ಲಿರ್ಬೇಕು. ಆದ್ರೆ ಇಲ್ಲಿ ಏನೂ ಇಲ್ಲ."

ಅವಳು ಮುಂದಕ್ಕೆ ಬಾಗಿದಳು. ಅವನ ಭುಜಕ್ಕೆ ಅವಳ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ದೀಪ ಆರಿಸಿ," ಎಂದಳು.

"ಬೇಡ."

"ಯಾಕೆ? ಮಸುಕಾಗಿದೆ, ಕತ್ತಲಿದ್ರೆ ಕಾಣುತ್ತೆ."

ಅವನ ಕೈ ದೀಪದ ಗುಂಡಿಯ ಮೇಲೆ ನಿಂತಿತು. ಕಡೆಗೆ ಒತ್ತಿದ.

ಕಗ್ಗತ್ತಲು. ಪರದೆಯ ಕಪ್ಪು ಕತ್ತಲೊಳಗೆ ಕರಗಿತು. ನಿಧಾನವಾಗಿ... ಬಹಳ ನಿಧಾನವಾಗಿ... ಆ ಕಪ್ಪಿನೊಳಗಿಂದ ಬೂದು ಬಣ್ಣದ ಒಂದು ಗೀರು ಎದ್ದುಬಂತು. ಕಣ್ಣು ನೇರ ನೆಟ್ಟರೆ ಮಾಯ. ಪಕ್ಕಕ್ಕೆ ನೋಡಿದರೆ ಹಾಜರ್.

"ಇದೆ," ಎಂದು ಪಿಸುಗುಟ್ಟಿದಳು. "ನೋಡಿ... ನೇರ ನೋಡ್ಬೇಡಿ. ಪಕ್ಕದಿಂದ."

"ದೇವರೇ... ಇದೆ!"

ವಾರ ಕಳೆದು ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ಅಳೆದ ವರದಿ ಬಂತು. ಮೂರೂ ಕಡೆ ಅದೇ ಗೆರೆಗಳು, ಅದೇ ದೂರ. ಒಂದೇ ಪುಟ್ಟ ಗ್ಯಾಲಕ್ಸಿ, ಮೂರು ಬಾರಿ. ನಮ್ಮ ಗ್ಯಾಲಕ್ಸಿಯ ಸಾವಿರದಲ್ಲೊಂದು ಭಾಗವೂ ಇಲ್ಲದ ಕೂಸು, ಆದರೆ ಮೈತುಂಬಾ ಹೊಸ ನಕ್ಷತ್ರಗಳು. ಮೇಡಂ ಎದ್ದು ಬಂದು ಇಬ್ಬರ ಬೆನ್ನೂ ತಟ್ಟಿದರು. ವರದಿಯಲ್ಲಿ ಮೊದಲ ಹೆಸರು ಅಕ್ಕನದೇ ಇರಲಿ ಎಂದು ಅವನು ಕೇಳಿದ. ಅವಳಿಗೆ ಅಳು ಬಂತು.

ಅಂದು ಇಬ್ಬರೂ ಬಸ್ಸಿಗೆ ಕಾಯದೆ ನಡೆದೇ ಹೊರಟರು. ಬೀದಿಯ ಬಿಸಿಲು ಇಳಿಯುತ್ತಿತ್ತು. ಅಂಗಡಿಯ ಗಾಜಿನಲ್ಲಿ ತಮ್ಮಿಬ್ಬರ ಬಿಂಬ ಜೊತೆಯಾಗಿ ಹೋಗುವುದನ್ನು ಅವಳು ಕಳ್ಳಗಣ್ಣಿನಿಂದ ನೋಡಿದಳು.

'ಇವನು ನೋಡೋದು ನನ್ನನ್ನಾ... ಇಲ್ಲಾ ಅಕ್ಕನ ನೆರಳನ್ನಾ?'

ಅವನಿಗೂ ಒಂದು ಮಾತು ಗಂಟಲಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಅದು ಪ್ರೀತಿಯ ಮಾತಲ್ಲ. ಅದಕ್ಕಿಂತ ಮೊದಲು ಹೇಳಲೇಬೇಕಿದ್ದ ಬೇರೆ ಮಾತು.

ಬೀದಿಯ ತಿರುವಿನಲ್ಲಿ ಅವನು 'ನಾಳೆ ಸಿಗೋಣ' ಎಂದಷ್ಟೇ ಹೇಳಿ ಹೊರಟ.

* * *

ಮುನ್ನೂರ ನಲವತ್ತು ದಾಟಿದ ಮೇಲೆ ಅಕ್ಕನ ಬರಹ ಬದಲಾಯಿತು.

'ಎಡಗಡೆ ಬೆಳಕು ಹರಿದ ಹಾಗಾಯ್ತು. ಪರದೆ ಒರೆಸಿದೆ. ಹೋಗಲಿಲ್ಲ.'

'ತಲೆನೋವು.'

'ತಲೆನೋವು. ಅಮ್ಮನಿಗೆ ಹೇಳಿದ್ರೆ ನಿದ್ದೆಗೆಟ್ಟಿದ್ದಕ್ಕೆ ಅಂತಾಳೆ.'

'ಈ ಕಮಾನು ಆಕಾಶದಲ್ಲಿದೆಯೋ ನನ್ನ ಕಣ್ಣಲ್ಲಿದೆಯೋ?'

ಆ ಚಿತ್ರದಲ್ಲಿ ಅಕ್ಕ ಗುರುತು ಹಾಕಿದ ಜಾಗದಲ್ಲಿ ಕಮಾನು ಇರಲಿಲ್ಲ. ಏನೂ ಇರಲಿಲ್ಲ. ಅಕ್ಕ ತನ್ನ ತಲೆಯೊಳಗೇ ಒಡೆಯಲು ಕಾದಿದ್ದ ರಕ್ತನಾಳ ತೋರಿಸಿದ ಬೆಳಕಿಗೆ ಗುರುತು ಹಾಕಿದ್ದಳು.

ಅವತ್ತು ಅವನು ತಂಡದ ಸಭೆಗೆ ಮೇಲಕ್ಕೆ ಹೋಗಿದ್ದ. ಕೋಣೆಯಲ್ಲಿ ಅವಳೊಬ್ಬಳೇ. ಮುಂದಿನದು, ಅದರ ಮುಂದಿನದು... ನಿಲ್ಲಿಸಲು ಆಗಲಿಲ್ಲ. ಯಾರೋ ಹೆಗಲ ಹಿಂದೆ ನಿಂತು ಜೊತೆಗೇ ಓದುತ್ತಿದ್ದಂತೆ. ತಿರುಗಿ ನೋಡಲು ಧೈರ್ಯವಿರಲಿಲ್ಲ.

ಮುನ್ನೂರ ಎಂಬತ್ತೆಂಟು. ಮುಗಿಯಿತು ಎಂದು ಒತ್ತಿದಳು.

ಒಂದು ಕೆಂಪು ಗೆರೆ ಮೂಡಿತು. ಸುತ್ತಲು ಹೊರಟದ್ದು ಕಾಲು ಭಾಗಕ್ಕೇ ಜಾರಿ, ಓರೆಯಾಗಿ ಕೆಳಗಿಳಿದು, ಚಿತ್ರದ ಅಂಚಿನವರೆಗೂ ಹೋಗಿತ್ತು.

ಅಷ್ಟೇ.

'ಅಕ್ಕಾ... ಇದೇನಾ?'

ಅವಳು ಅಕ್ಕ ತೀರಿಹೋದ ದಿನದ ಪಟ್ಟಿ ತೆರೆದಳು. ಯಾವ ಕಂಪ್ಯೂಟರಿನಿಂದ, ಯಾರು, ಯಾವ ಹೊತ್ತಿಗೆ ಗುರುತು ಹಾಕಿದರು ಎಂಬುದು ಅದರಲ್ಲಿರುತ್ತಿತ್ತು. ಅಕ್ಕನ ಕೊನೆಯ ಗೆರೆ, ಎರಡು ಐವತ್ತೆರಡು. ಆಮೇಲೆ ಏನೂ ಇರಬಾರದಿತ್ತು.

ಇತ್ತು.

ಎರಡು ಐವತ್ತೆಂಟು: ಪಕ್ಕದ ಕಂಪ್ಯೂಟರ್. ಮೂರು ಹತ್ತು: ಪಕ್ಕದ ಕಂಪ್ಯೂಟರ್. ಮೂರು ಮೂವತ್ತೊಂದು. ನಾಲ್ಕು. ನಾಲ್ಕು ನಲವತ್ತೈದು. ಎಲ್ಲದರ ಮುಂದೆಯೂ ಅವನ ಹೆಸರು.

'ಎರಡು ಗಂಟೆಗೇ ಹೊರಗೆ ಹೋಗಿದ್ದೆ.'

ಬಾಗಿಲು ಕಿರುಗುಟ್ಟಿತು. ಒಳಗೆ ಬಂದವನು ಪರದೆ ನೋಡಿದ, ಅವಳ ಮುಖ ನೋಡಿದ. ಕೈಯಲ್ಲಿದ್ದ ಕಾಗದಗಳನ್ನು ಮೆಲ್ಲಗೆ ಕೆಳಗಿಟ್ಟ.

"ನೀವು ಇಲ್ಲೇ ಇದ್ರಿ," ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

"...ಹೌದು."

"ಎರಡು ಗಂಟೆ ಹೊತ್ತು! ನನ್ನಕ್ಕ ಒಂದು ಮಾರು ದೂರದಲ್ಲಿ ಸಾಯ್ತಿದ್ಲು. ನೀವು ಗುರುತು ಹಾಕ್ತಾ ಕೂತಿದ್ರಿ!"

"ಚುಕ್ಕಿ, ನಾನು..."

"ಆ ಹೆಸರು ನಿಮ್ಮ ಬಾಯಲ್ಲಿ ಬೇಡ! ನನಗೆ ಸುಳ್ಳು ಹೇಳಿದ್ರಿ. ನನ್ನಮ್ಮನಿಗೂ ಹೇಳಿದ್ರಿ. ಒಂದು ಕೂಗು ಕೂಗಿದ್ರೆ ಅವಳು ಉಳೀತಿದ್ಲೇನೋ..."

ಅವಳು ಚೀಲ ಎತ್ತಿಕೊಂಡು, ಮೆಟ್ಟಿಲು ಹತ್ತಿ, ಬಿಸಿಲಿಗೆ ಬಂದು, ಅಲ್ಲಿ ಗೋಡೆ ಹಿಡಿದುಕೊಂಡು ಅತ್ತಳು.

"ಮೇಷ್ಟ್ರು ಅವತ್ತು ಹೊರಗೆ ಹೋಗಿರ್ಲಿಲ್ಲಮ್ಮ, ನನಗೆ ಗೊತ್ತಿತ್ತು," ಎಂದ ಬೀಗದಜ್ಜ, ಕೆಳಗಿನ ಕೂಗು ಕೇಳಿ ಹತ್ತಿರ ಬಂದು. "ಕೇಳ್ದೆ ಹೇಳ್ಬಾರ್ದು ಅಂತ ಸುಮ್ಮನಿದ್ದೆ. ಆದ್ರೆ ಒಂದು ಮಾತು. ಅವತ್ತಿನಿಂದ ಆ ಮನುಷ್ಯ ನಿದ್ದೆ ಮಾಡಿದ್ದನ್ನ ನಾನು ನೋಡಿಲ್ಲ."

* * *

ಮೂರು ಗಂಟೆ ಬಸ್ಸಿನಲ್ಲಿ ಕೂತು ಅವಳು ಮನೆಗೆ ಬಂದಳು. ಮಾರನೇ ದಿನ ಅಕ್ಕನ ಆಸ್ಪತ್ರೆ ಕಾಗದಗಳನ್ನು ಕಪಾಟಿನಿಂದ ತೆಗೆದು ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋದಳು. ಇಬ್ಬರಿಗೂ ಚಿಕ್ಕಂದಿನಿಂದ ಜ್ವರಕ್ಕೆ ಔಷಧಿ ಕೊಟ್ಟವರು ಅವರು.

"ಮೂರು ಗಂಟೆಗೇ ಯಾರಾದ್ರೂ ನೋಡಿದ್ರೆ ಉಳೀತಿದ್ಲಾ ಡಾಕ್ಟ್ರೇ? ನಿಜ ಹೇಳಿ."

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು.

"ಇಷ್ಟು ದೊಡ್ಡ ರಕ್ತನಾಳ ಒಡೆದಾಗ ಆಸ್ಪತ್ರೆಯ ಮಂಚದ ಮೇಲಿದ್ರೂ ಉಳಿಸೋದು ಕಷ್ಟ ಮಗಳೇ. ಅವಳಿಗೆ ಏನಾಯ್ತು ಅಂತ ಗೊತ್ತಾಗೋಕೂ ಹೊತ್ತು ಇದ್ದಿರಲ್ಲ. ಪಕ್ಕದಲ್ಲಿದ್ದವರಿಗೆ ನಿದ್ದೆ ಅಂತಲೇ ಅನ್ನಿಸಿರುತ್ತೆ."

ನಿದ್ದೆ...

ಊಟ ಆದ ಮೇಲೆ ಕಾಲು ಗಂಟೆ ಮೇಜಿಗೆ ತಲೆಯಿಟ್ಟು ಮಲಗುವುದು ಅಕ್ಕನ ಶಾಲೆಯ ದಿನಗಳ ರೂಢಿ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಕೋಣೆಯಲ್ಲಿ ನೆನಪಾಗಿರಲಿಲ್ಲ!

ನಾಲ್ಕನೇ ದಿನ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಅವಳು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

"ಅಮ್ಮಾ, ಯಾರು?"

ಬಾಗಿಲ ಬಳಿ ಯಾರೋ ಉಸಿರು ಕಟ್ಟಿದ ಸದ್ದು. ಅವಳು ಹೊರಗೆ ಬಂದಳು.

ಅವನು! ಗಡ್ಡ ಬೆಳೆದಿತ್ತು. ಕಣ್ಣು ಗುಳಿ ಬಿದ್ದಿತ್ತು. ಅವಳತ್ತ ನೋಡದೆ ಅಮ್ಮನ ಮುಂದೆ ಕೈಮುಗಿದು ನಿಂತಿದ್ದ.

"ಅಮ್ಮ, ನಾನು ನಿಮಗೆ ಫೋನಿನಲ್ಲಿ ಸುಳ್ಳು ಹೇಳಿದವನು. ನಿಮ್ಮ ಮಗಳು ಹೋದಾಗ ಆ ಕೋಣೆಯಲ್ಲಿ ನಾನೂ ಇದ್ದೆ."

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಒಳಗೆ ಬಾ," ಎಂದಳು ಕಡೆಗೆ. "ಕೂತ್ಕೊಂಡು ಹೇಳು. ಒಂದೂ ಬಿಡ್ಬೇಡ."

ಅವನು ಕುರ್ಚಿಯ ಅಂಚಿನಲ್ಲಿ ಕೂತ.

"ತಲೆ ನೋಯ್ತಿದೆ ತಮ್ಮಾ ಅಂದ್ರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದ್ರೆ ಮೇಜಿನ ಮೇಲೆ ತಲೆ ಇಟ್ಟಿದ್ರು. ದಿನಾ ಮಲಗ್ತಿದ್ರಲ್ಲ, ಹಾಗೇ ಅಂದುಕೊಂಡೆ. ಎದ್ದು ಅವರ ತಲೆ ಮೇಲಿನ ದೀಪ ಆರಿಸಿದೆ. ನನ್ನ ಸ್ವೆಟರ್ ಹೊದಿಸಿದೆ. ತಲೆನೋವಿದೆ, ಇವತ್ತು ಜಾಸ್ತಿ ಮಲಗಲಿ ಅಂತ ಎಬ್ಬಿಸ್ದೆ, ಕೀಬೋರ್ಡು ಸದ್ದಾಗ್ದಿರ್ಲಿ ಅಂತ ಮೆಲ್ಲಗೆ ಒತ್ತಿದೆ. ಐದು ಗಂಟೆಗೆ, ಅಕ್ಕಾ, ಬಸ್ಸು ತಪ್ಪುತ್ತೆ ಏಳಿ ಅಂತ ಭುಜ ಮುಟ್ಟಿದೆ..."

ಅವನ ದನಿ ಒಡೆಯಿತು.

"ಎರಡು ಗಂಟೆ ಗೊತ್ತೇ ಆಗ್ಲಿಲ್ಲವಲ್ಲ ಅಮ್ಮ! ಎಂಥ ಮನುಷ್ಯ ನಾನು? ಕೇಳಿದವರಿಗೆ ಹೊರಗಿದ್ದೆ ಅಂದುಬಿಟ್ಟೆ. ಒಂದು ಸಲ ಅಂದ ಮೇಲೆ ಬದಲಾಯಿಸೋಕೆ ಆಗ್ಲಿಲ್ಲ. ಈಗ ಯಾರು ಸುಮ್ಮನಿದ್ರೂ ನನಗೆ ಭಯ, ಫೋನಿನ ಆ ಕಡೆಯವರು ಒಂದು ಗಳಿಗೆ ಸುಮ್ಮನಾದ್ರೂ ಸರಿ. ಕರೆದು ಕರೆದು ನೋಡ್ತೀನಿ."

ಚುಕ್ಕಿಯ ಕಣ್ಣು ಮಂಜಾಯಿತು. ಆ ಕೋಣೆಯಲ್ಲಿ ಅವನು ಕರೆಯುತ್ತಿದ್ದದ್ದು ದೆವ್ವವನ್ನಲ್ಲ. ಬದುಕಿದ್ದವಳು ಬದುಕಿದ್ದಾಳೋ ಇಲ್ಲವೋ ಎಂದು ಹತ್ತು ಹತ್ತು ನಿಮಿಷಕ್ಕೆ ಸತ್ತು ಹುಟ್ಟುತ್ತಿದ್ದ.

ಅಮ್ಮ ನೆಲ ನೋಡುತ್ತಿದ್ದಳು.

"ಸ್ವೆಟರ್ ಯಾವ ಬಣ್ಣ?"

"ಏನಮ್ಮ?"

"ನೀನು ಹೊದಿಸಿದ್ದು."

"ಕಂದು... ಹಳೇದು. ಮೊಣಕೈ ಹತ್ರ ಹರಿದಿತ್ತು."

"ಕಿವಿ ಮುಚ್ಚಿತ್ತಾ? ಅವಳಿಗೆ ಕಿವಿವರೆಗೂ ಹೊದಿಸಬೇಕು. ಇಲ್ಲದಿದ್ರೆ ನಿದ್ದೆ ಬರಲ್ಲ."

"ಮುಚ್ಚಿತ್ತಮ್ಮ. ಎಸಿ ಗಾಳಿ ಬೀಳ್ತಿತ್ತು, ಅದಕ್ಕೆ ಕಿವಿ ಮೇಲೇ ಎಳೆದಿದ್ದೆ."

ಅಮ್ಮನ ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದು ಹನಿ ಹಾಕದೆ ಕಲ್ಲಾಗಿದ್ದವಳು! ಮೊಣಕಾಲಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಚುಕ್ಕಿ ಓಡಿಹೋಗಿ ತಬ್ಬಿಕೊಂಡಳು.

"ಒಬ್ಬಳೇ ಇರ್ಲಿಲ್ಲ ಕಣೇ... ನನ್ನ ಕೂಸು ಒಬ್ಬಳೇ ಇರ್ಲಿಲ್ಲ. ಯಾರೋ ಹೊದಿಸಿದ್ರು. ಯಾರೋ ದೀಪ ಆರಿಸಿದ್ರು..."

ಅಳು ತಣ್ಣಗಾದ ಮೇಲೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ತಲೆನೋವು ಅಂದಾಗ ನಾನೂ ಬೈದಿದ್ದೆನಪ್ಪ, ನಿದ್ದೆಗೆಡ್ತೀಯಾ ಅಂತ. ನೀನೊಬ್ಬನೇ ಅಲ್ಲ. ಆದ್ರೆ ಈ ಮಾತನ್ನ ಅವತ್ತೇ ಹೇಳಿದ್ರೆ ನಾನು ಇಷ್ಟು ದಿನ ಹೀಗೆ ಬೇಯ್ತಿರ್ಲಿಲ್ಲ."

"ತಪ್ಪಾಯ್ತಮ್ಮ."

"ಆಯ್ತು. ಏಳು, ಮುಖ ತೊಳ್ಕೋ."

* * *

ಬಸ್ ನಿಲ್ದಾಣದವರೆಗೆ ಅವಳೂ ಬಂದಳು. ಬೆಂಚಿನ ಮೇಲೆ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ. ಒಂದು ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

"ಡಾಕ್ಟ್ರ ಹತ್ರ ಹೋಗಿದ್ದೆ," ಎಂದಳು. "ಆಗಲೇ ನೋಡಿದ್ರೂ ಉಳೀತಿರ್ಲಿಲ್ಲವಂತೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಸಿಟ್ಟು ಮಾತ್ರ ಇನ್ನೂ ಇದೆ," ಎಂದಳು ಅವಳು. "ಸುಳ್ಳು ಹೇಳಿದ್ದಕ್ಕೆ."

"ಇರಲಿ."

"ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಇರುವಷ್ಟು ದಿನ ಇರಲಿ. ನಾನು ಬೇರೆ ಕಡೆಗೆ ವರ್ಗ ಕೇಳಿದ್ದೀನಿ. ನಿಮಗೆ ನನ್ನ ಮುಖ ನೋಡೋ ಕಷ್ಟ ಬೇಡ."

ಅವಳು ತಟ್ಟನೆ ಅವನತ್ತ ತಿರುಗಿದಳು. "ಯಾಕೆ? ನನ್ನನ್ನ ನೋಡಿದಾಗೆಲ್ಲ ನಿಮಗೆ ಅಕ್ಕನೇ ಕಾಣಿಸ್ತಾಳಾ?"

"ಮೊದಲ ದಿನ ಕಂಡ್ರು. ನಿಜ." ಅವನು ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದ. "ಆಮೇಲೆ ಇಲ್ಲ. ಅಕ್ಕ ನಿಧಾನ, ನೀವು ದುಡುಕು. ಅಕ್ಕ ಬೈದ್ರೆ ನಗು ಬರ್ತಿತ್ತು, ನೀವು ಬೈದ್ರೆ ನಾಲ್ಕು ದಿನ ಊಟ ಸೇರಲ್ಲ. ಅಕ್ಕನ ಪಕ್ಕ ಕೂತ್ರೆ ಲೆಕ್ಕ ಮಾಡೋಕಾಗ್ತಿತ್ತು. ನಿಮ್ಮ ಪಕ್ಕ ಕೂತ್ರೆ ಕೂಡಿಸೋದೂ ತಪ್ಪುತ್ತೆ."

ಇನ್ನೊಂದು ಬಸ್ಸು ಬಂತು. ಕಂಡಕ್ಟರ್ ಇಣುಕಿ ನೋಡಿ, ತಲೆಯಾಡಿಸಿ, ಸೀಟಿ ಊದಿದ. ಬಸ್ಸು ಹೋಯಿತು.

"ಹಾಗಂದ್ರೆ?" ಎಂದಳು ಅವಳು. ಗೊತ್ತಿದ್ದೂ ಕೇಳಿದಳು.

"ಪ್ರೀತಿಸ್ತೀನಿ ಅಂತ. ಇವತ್ತು ಹೇಳಬಾರದಿತ್ತು... ಹೇಳೋ ಹೊತ್ತಲ್ಲ ಇದು."

"ಹೊತ್ತು ನೋಡ್ಕೊಂಡು ಬರೋಕೆ ಅದೇನು ಬಸ್ಸಾ?"

ಅವನು ಪೆಚ್ಚಾಗಿ ಅವಳನ್ನೇ ನೋಡಿದ. ಅವಳ ಕೆನ್ನೆ ಕೆಂಪಾಗಿತ್ತು, ಕಣ್ಣು ತುಂಬಿತ್ತು, ತುಟಿ ಮಾತ್ರ ಮೊಂಡು ಹಿಡಿದು ಬಿಗಿದಿತ್ತು. ನಡುವಿನ ಜಾಗ ದಾಟಿ ಅವಳ ಕೈ ಬಂದು ಅವನ ಕೈಯ ಮೇಲೆ ಕೂತಿತು. ಎರಡೂ ಕೈ ತಣ್ಣಗಿದ್ದವು.

"ನನಗೂ," ಎಂದಳು, ಕೇಳಿಸಿಯೂ ಕೇಳಿಸದಂತೆ. "ಸಿಟ್ಟಿನ ಜೊತೇನೇ."

ಅವಳ ಫೋನು ಗುಂಯ್ಗುಟ್ಟಿತು. ಅಮ್ಮ.

"ಹೋದ್ನಾ ಆ ಹುಡುಗ? ಹೋಗಿಲ್ಲದಿದ್ರೆ ಊಟಕ್ಕೆ ಕರ್ಕೊಂಡು ಬಾ. ಮೂಳೆ ಚಕ್ಕಳ ಆಗಿದ್ದಾನೆ."

ಅವನಿಗೂ ಕೇಳಿಸಿತು. "ಬರಲಾ?" ಎಂದ ಅಳುಕುತ್ತ.

"ನನ್ನನ್ನ ಏನು ಕೇಳ್ತೀಯಾ? ನಡಿ."

ಅವನು ಏಳಲಿಲ್ಲ.

"ಏನಂದ್ರಿ ಈಗ?"

"ನಡಿ ಅಂದೆ."

"ಅಲ್ಲ... 'ಕೇಳ್ತೀಯಾ' ಅಂದ್ರಿ."

"ಅಂದೆ. ಏನೀಗ?"

"ಇನ್ನೊಂದ್ಸಲ ಅನ್ನಿ."

ಅವಳು ಎದ್ದು ನಿಂತು, ಹಿಡಿದ ಕೈ ಬಿಡದೆ ಎಳೆದಳು.

"ಮೊದಲು ನೀನು ನನ್ನನ್ನ 'ನೀನು' ಅನ್ನು. ದಾರೀಲಿ ಅನ್ನುವಿಯಂತೆ... ಬಾರೋ, ಊಟ ಆರುತ್ತೆ!"